ಒಂಟಿಹಲ್ಲಿ ಸೇತುವೆ ಬಿಟ್ಟ ವಾರ

ನಮ್ಮೂರಿನಲ್ಲಿ ಶುಕ್ರವಾರ ಸಂಜೆ ಯಾರೂ ಸಾಯುವುದಿಲ್ಲ; ಸತ್ತರೂ ಮನೆಯವರು ಶನಿವಾರದವರೆಗೆ ಬಾಯಿ ಬಿಡುವುದಿಲ್ಲ. ಯಾಕೆಂದರೆ ಶುಕ್ರವಾರ ಹೊತ್ತು ಮುಳುಗುತ್ತಲೇ ನನ್ನ ಹಿಟ್ಟಿನ ಗಿರಣಿಯ ಹಿಂದಿನ ಗೋಡೆಯ ಮೇಲೆ ಚಿತ್ರ ಬರುತ್ತದೆ. ಬಣ್ಣದ ಚಿತ್ರ, ಓಡುವ ಚಿತ್ರ, ಮಾತಾಡುವ ಚಿತ್ರ. ಪರ ಊರಿನವರು ಅದಕ್ಕೆ ಕಾರ್ಟೂನು ಅನ್ನುತ್ತಾರೆ, ನಾವು ಗೋಡೆಕತೆ ಅನ್ನುತ್ತೇವೆ. ಎಲ್ಲಿಂದ ಬರುತ್ತದೆ ಎಂದು ತಲೆ ಕೆಡಿಸಿಕೊಂಡವರು ಆಗಾಗ ಒಬ್ಬಿಬ್ಬರು ಬರುತ್ತಾರೆ, ಗೋಡೆ ತಟ್ಟಿ ನೋಡುತ್ತಾರೆ, ಅಂಗೈಗೆ ಸುಣ್ಣ ಮೆತ್ತಿಕೊಂಡು ವಾಪಸು ಹೋಗುತ್ತಾರೆ. ನಮಗೆ ಆ ಉಸಾಬರಿ ಬೇಡ. ನಮಗೆ ಬೇಕಾದದ್ದು ಒಂದು ಚಾಪೆ, ಒಂದು ಮುಷ್ಟಿ ಹುರಿದ ಶೇಂಗಾ, ಎದುರಿಗೆ ಎತ್ತರದ ಆಳು ಕೂರಬಾರದು, ಅಷ್ಟೇ.

ಕತೆ ಏನು ಮಹಾ ದೊಡ್ಡದಲ್ಲ. ಧೀರಸೇನ ಎಂಬ ರಾಜಕುಮಾರ ಏಳು ಬೆಟ್ಟದಾಚೆ ಅಡಗಿಸಿಟ್ಟ ಕಿರೀಟವನ್ನು ತರಲು ರೆಕ್ಕೆಯ ಕುದುರೆ ಹತ್ತಿ ಹೊರಟಿದ್ದಾನೆ. ನಾನು ಮೂಗು ಸುರಿಸಿಕೊಂಡು ಅಪ್ಪನ ತೊಡೆಯ ಮೇಲೆ ಕೂರುತ್ತಿದ್ದಾಗ ಹೊರಟವನು. ಈಗ ನನ್ನ ತಲೆ ಬೋಳಾಗುತ್ತ ಬಂತು, ಅವನಿನ್ನೂ ಮೂರನೆಯ ಬೆಟ್ಟದಲ್ಲಿದ್ದಾನೆ. ಪಾಪ, ಅವನ ತಪ್ಪಲ್ಲ. ನಾವು ಅವನನ್ನು ಸುಮ್ಮನೆ ಹೋಗಗೊಟ್ಟರೆ ತಾನೇ?

ನಮ್ಮಲ್ಲೊಂದು ಪದ್ಧತಿ ಇದೆ. ಕಂತು ಮುಗಿದ ಕೂಡಲೇ ಗೋಡೆಯ ಧಣಿ, ಅಂದರೆ ಮೊದಲು ನಮ್ಮಪ್ಪ, ಈಗ ನಾನು, ಅಂಗಳದಲ್ಲಿ ಬಿದ್ದಿರುವ ಹಳೆಯ ಬೀಸುಗಲ್ಲಿನ ಮೇಲೆ ಹತ್ತಿ ನಿಂತು ಹುಳುಕು ಹೇಳಬೇಕು. ಅಂದರೆ ಆ ವಾರದ ಕಂತಿನಲ್ಲಿ ಏನು ಎಡವಟ್ಟಾಯಿತು, ಯಾರು ಪೆದ್ದರಾದರು ಎಂದು ಊರಿಗೆಲ್ಲ ಕೇಳುವ ಹಾಗೆ ಆಡಿಕೊಳ್ಳಬೇಕು. ಜನ ನಕ್ಕರೆ ಮುಂದಿನ ಶುಕ್ರವಾರದ ಹೊತ್ತಿಗೆ ಗೋಡೆ ತಿದ್ದಿಕೊಂಡಿರುತ್ತದೆ. ನಗದಿದ್ದರೆ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಗಿರಣಿಯವರಿಗೆ ಮಷೀನಿನ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ದೊಡ್ಡದಾಗಿರುತ್ತದೆ, ಹಾಗಾಗಿ ಈ ಕೆಲಸ ನಮ್ಮ ಮನೆತನಕ್ಕೆ ಒಗ್ಗಿಬಿಟ್ಟಿತು.

ನಮ್ಮಪ್ಪ ಒಮ್ಮೆ, ಈ ರಾಜಕುಮಾರ ಹುಟ್ಟಿದಾಗಿನಿಂದ ಒಂದೇ ಅಂಗಿಯಲ್ಲಿದ್ದಾನೆ, ರಾಕ್ಷಸರು ಸಾಯುತ್ತಿರುವುದು ಕತ್ತಿಯಿಂದಲ್ಲ, ನಾತದಿಂದ ಎಂದಿದ್ದ. ಊರು ಬಿದ್ದು ಬಿದ್ದು ನಕ್ಕಿತು. ಮುಂದಿನ ವಾರ ಧೀರಸೇನ ಕಂತಿಡೀ ಹೊಳೆದಂಡೆಯಲ್ಲಿ ಕೂತು ಬಟ್ಟೆ ಒಗೆದ. ಕಿರೀಟದ ಸುದ್ದಿಯೇ ಇಲ್ಲ. ನನ್ನ ಕಾಲದಲ್ಲಿ ನಾನು ಬೆಂಕಿ ಉಗುಳುವ ಘಟಸರ್ಪವನ್ನು ಹಿಡಿದೆ. ಸುರಿಯುವ ಮಳೆಯಲ್ಲೂ ಇದರ ಬೆಂಕಿ ಧಗಧಗ ಉರಿಯುತ್ತದೆ, ನಮ್ಮ ಮನೆಯ ಒಲೆ ಕಡುಬೇಸಿಗೆಯಲ್ಲೂ ಹೊತ್ತುವುದಿಲ್ಲ ಅಂದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲಿನ ವಾರದಿಂದ ಘಟಸರ್ಪ ಮಳೆ ಬಂತೆಂದರೆ ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಊದುಗೊಳವೆ ಇಟ್ಟುಕೊಂಡು ತನ್ನ ಬಾಯಿಗೆ ತಾನೇ ಊದಿಕೊಳ್ಳುತ್ತದೆ. ಚಹಾದಂಗಡಿಯ ದಾವಲಸಾಬ ನನ್ನ ಬೆನ್ನು ಹತ್ತಿ, ಇಷ್ಟು ದೊಡ್ಡ ರಾಜ್ಯದಲ್ಲಿ ಒಂದು ಚಹಾದಂಗಡಿ ಇಲ್ಲವಲ್ಲ, ಅದನ್ನೊಂದಿಷ್ಟು ಆಡಿಕೋ ಎಂದು ಗೋಗರೆದ. ಆಡಿಕೊಂಡೆ. ಈಗ ಮೂರನೆಯ ಬೆಟ್ಟದ ತಿರುವಿನಲ್ಲಿ ಚಹಾದಂಗಡಿ ಇದೆ, ಅದರೊಳಗೆ ದಾವಲಸಾಬನ ಮೀಸೆಯಂಥದೇ ಮೀಸೆಯವನೊಬ್ಬನಿದ್ದಾನೆ. ಅಂದಿನಿಂದ ಈ ಮನುಷ್ಯ ನೆಲದ ಮೇಲೆ ನಡೆಯುತ್ತಿಲ್ಲ.

ಎಲ್ಲರಿಗೂ ಇದು ದಕ್ಕುವುದಿಲ್ಲ ಬಿಡಿ. ಕುಬೇರಪ್ಪ ಮಾಸ್ತರರು ಒಮ್ಮೆ ನನ್ನನ್ನು ಕೆಳಗಿಳಿಸಿ, ಈ ಕಥನದಲ್ಲಿ ನೀತಿಯ ಅಂಶ ಕ್ಷೀಣಿಸುತ್ತಿದೆ ಎಂದು ಶುರು ಮಾಡಿದರು. ಜನ ಶೇಂಗಾ ಸಿಪ್ಪೆ ಕೊಡವಿಕೊಂಡು ಎದ್ದು ಹೋದರು. ಗೋಡೆಯೂ ಕ್ಯಾರೆ ಅನ್ನಲಿಲ್ಲ.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಅನಸೂಯಾಳ ತಾಯಿ ಗುರುಶಿದ್ದವ್ವ, ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಮಗಳ ಮನೆಯಲ್ಲಿ ಇರುವುದೆಂದರೆ ಆ ಕಾಲದ ಹೆಂಗಸರಿಗೆ ಮುಳ್ಳಿನ ಮೇಲೆ ಕೂತ ಹಾಗೆ. ನೀರು ಕುಡಿಯಬೇಕಾದರೂ ಕೊಡದ ಕಡೆ ಎರಡು ಸಲ ನೋಡಿ ಆಮೇಲೆ ಕುಡಿಯುವವರು. ಮೇಲಾಗಿ ನಮ್ಮ ಕಡೆ ಅತ್ತೆ ಅಳಿಯನ ಜೊತೆ ನೇರ ಮಾತಾಡುವಂತಿಲ್ಲ. ತಲೆಯ ಮೇಲೆ ಸೆರಗು, ಬಾಗಿಲ ಮರೆ, ಮಾತೇನಿದ್ದರೂ ನಡುವೆ ಮೂರನೆಯವರು ಬೇಕು. ಅನಸೂಯಾ ಮನೆಯಲ್ಲಿದ್ದರೆ ಅವಳ ಮೂಲಕ. ಅವಳಿಲ್ಲದಾಗ ಬೆಕ್ಕಿನ ಮೂಲಕ. ಬೆಕ್ಕೇ, ಅಳಿಯಂದಿರಿಗೆ ಹೇಳು, ರೊಟ್ಟಿ ಆರುತ್ತಿವೆ ಎಂದು ಅವರು. ಬೆಕ್ಕೇ, ಅತ್ತೆಯವರಿಗೆ ಹೇಳು, ಬಂದೆ ಎಂದು ನಾನು. ಬೆಕ್ಕು ನಡುವೆ ಕೂತು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿತ್ತು. ಬೆಕ್ಕೂ ಮನೆಯಲ್ಲಿಲ್ಲದಿದ್ದರೆ ಇಬ್ಬರೂ ಬಾಯಿ ಮುಚ್ಚಿಕೊಂಡಿರಬೇಕು.

ಅತ್ತೆ ಬಂದ ವರ್ಷವೇ ಗೋಡೆಕತೆಗೆ ಒಂಟಿಹಲ್ಲಿ ಬಂದಳು. ಅವಳೊಬ್ಬ ಮುದಿ ರಾಕ್ಷಸಿ, ಬಾಯಲ್ಲಿ ಉಳಿದದ್ದು ಒಂದೇ ಹಲ್ಲು. ಮೂರನೆಯ ಬೆಟ್ಟದ ಸೇತುವೆಯ ಮೇಲೆ ಒಲೆ ಹೂಡಿ ಕೂತಿರುತ್ತಾಳೆ. ಯಾರೇ ಬರಲಿ ತಡೆದು, ನಿನ್ನನ್ನು ತಿನ್ನುತ್ತೇನೆ ಎಂದು ಗುಡುಗುತ್ತಾಳೆ. ಆಮೇಲೆ ತೋಳು ಹಿಚುಕಿ ನೋಡಿ ಮುಖ ಕಿವುಚುತ್ತಾಳೆ. ಬರೀ ಎಲುಬು, ಇದನ್ನೇನು ತಿನ್ನಲಿ, ಮೊದಲು ಉಂಡು ದಪ್ಪಗಾಗು ಎಂದು ಕೂರಿಸಿ ಬಡಿಸುತ್ತಾಳೆ. ಹೀಗೆ ಬಡಿಸುತ್ತ ಬಡಿಸುತ್ತ ಈವರೆಗೆ ಒಬ್ಬರನ್ನೂ ತಿಂದವಳಲ್ಲ. ಧೀರಸೇನ ಸೇತುವೆ ದಾಟಿ ಮುಂದೆ ಹೋಗುತ್ತಾನೆ, ಊಟದ ಹೊತ್ತಿಗೆ ಯಾವುದೋ ನೆಪ ತೆಗೆದು ಹಿಂದಕ್ಕೆ ಬರುತ್ತಾನೆ. ರೆಕ್ಕೆಯ ಕುದುರೆಗೆ ಈಗ ಹಾರಲು ಆಗುವುದಿಲ್ಲ, ಅಷ್ಟು ಹೊಟ್ಟೆ ಬಂದಿದೆ.

ಅತ್ತೆ ಎಲ್ಲರ ಹಿಂದೆ, ಗೋಣಿಚೀಲದ ಅಟ್ಟಿಯ ಪಕ್ಕ ಕೂತು ನೋಡುತ್ತಿದ್ದರು. ನನ್ನ ಹುಳುಕಿಗೆ ಒಂದು ದಿನ ನಕ್ಕವರಲ್ಲ. ಆದರೆ ಒಂಟಿಹಲ್ಲಿ ಬಂದಳೆಂದರೆ ಅವರ ಸೆರಗು ಎರಡು ಬೆರಳು ಹಿಂದೆ ಸರಿಯುತ್ತಿತ್ತು. ಶನಿವಾರ ಅಡುಗೆಮನೆಯಲ್ಲಿ ಅನಸೂಯಾಳ ಮುಂದೆ ಒಂಟಿಹಲ್ಲಿಯದೇ ಮಾತು. ಹಿಟ್ಟು ಇನ್ನೊಂದಿಷ್ಟು ನಾದಬೇಕಿತ್ತು, ಒಲೆಯ ಉರಿ ಹೆಚ್ಚಾಗಿತ್ತು, ಒಂದೇ ಹಲ್ಲಿದ್ದರೂ ಹೆಂಗಸು ಗಟ್ಟಿ, ಯಾರ ಹಂಗಿನಲ್ಲೂ ಇಲ್ಲ, ತನ್ನ ಸೇತುವೆ ತನಗೆ. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಬಿದ್ದದ್ದು ತಲೆಗೆ ಹೋಗಬೇಕಲ್ಲ.

ಹೀಗಿರುವಾಗ ಒಂದು ಶುಕ್ರವಾರ ಕಂತು ನೀರಸವಾಗಿತ್ತು. ಧೀರಸೇನ ಉಂಡು ಮಲಗಿದ, ಎದ್ದು ಮತ್ತೆ ಉಂಡ. ನಾನು ಕಲ್ಲು ಹತ್ತಿದರೆ ಜನ ಆಕಳಿಸುತ್ತಿದ್ದಾರೆ. ಗೊರಕೆಯೂ ಕೇಳಿಸಿತು. ಮುಂದೆ ಕೂತಿದ್ದ ಮಾಸ್ತರರ ಮುಖದಲ್ಲಿ ಒಂದು ಸಣ್ಣ ಸಂತೋಷ ಕಂಡಿತು ನೋಡಿ, ನನಗೆ ಉರಿದುಹೋಯಿತು. ನಗಿಸಿಯೇ ಬಿಡುತ್ತೇನೆ ಎಂದು ಹಟಕ್ಕೆ ಬಿದ್ದು ಬಾಯಿಗೆ ಬಂದದ್ದನ್ನು ಒದರಿದೆ.

"ಈ ಒಂಟಿಹಲ್ಲಿ ಯಾಕ ಅದಾಳ್ರೀ ಕತ್ಯಾಗ? ಕತಿ ಸೇತುವಿ ದಾಟಿ ಎಂದೋ ಹೋಗೈತಿ, ಈಕಿ ಇನ್ನೂ ರೊಟ್ಟಿ ಬಡ್ಯಾಕತ್ತಾಳ. ಮಂದಿ ಮನ್ಯಾಗ ಬಂದು ಬೇರು ಬಿಟ್ಟ ಮುದುಕಿ ಇದ್ದಂಗ. ಇರು ಅನ್ನಾಕೂ ಆಗಂಗಿಲ್ಲ, ಹೋಗು ಅನ್ನಾಕೂ ಆಗಂಗಿಲ್ಲ."

ಅಂಗಳ ಹಾರಿಹೋಗುವಂಥ ನಗು. ಗೊರಕೆ ಹೊಡೆಯುತ್ತಿದ್ದವನು ಎದ್ದು ಯಾಕೆಂದು ಗೊತ್ತಿಲ್ಲದೆ ನಕ್ಕ. ನಾನು ಮೀಸೆ ತಿರುವುತ್ತ ಹಿಂದಿನ ಸಾಲಿನತ್ತ ನೋಡಿದೆ. ಅತ್ತೆ ಎದ್ದು ನಿಂತು ಚಾಪೆ ಕೊಡವಿದರು, ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಯ ಕಡೆ ನಡೆದರು. ನಾನು ಆಡಿದ್ದೇನೆಂಬುದು ಆಗ ನನಗೆ ಹೊಳೆಯಿತು. ದೇವರಾಣೆ, ನಾನು ಅವರನ್ನು ನೆನೆದು ಆಡಿದ್ದಲ್ಲ. ನನ್ನ ನಾಲಿಗೆಗೆ ನಗು ಬೇಕಾಗಿತ್ತು, ಹತ್ತಿರ ಸಿಕ್ಕದ್ದನ್ನು ಎತ್ತಿಕೊಂಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳುತ್ತಾರೆಯೇ?

ಆ ವಾರ ಮನೆಯಲ್ಲಿ ಅನಸೂಯಾ ತಟ್ಟೆ ಇಡುವ ಸದ್ದಿನಲ್ಲೇ ಬೈದಳು. ಅತ್ತೆಗೆ ಅವಳ ಮೂಲಕ ಹೇಳಿಸಿದೆ, ಬೆಕ್ಕಿಗೆ ಹೇಳಿದೆ, ಕೊನೆಗೆ ಬಾಗಿಲಿನ ಅಗುಳಿಗೂ ಹೇಳಿದೆ, ನಾನಂದದ್ದು ಆ ರಾಕ್ಷಸಿಗೆ, ನಿಮಗಲ್ಲ ಎಂದು. ಒಳಗಿನಿಂದ ಒಂದೇ ಉತ್ತರ ಬಂತು. ಊರೇ ನಕ್ಕಿದೆ, ಇನ್ನು ಗೋಡೆ ಏನನ್ನುತ್ತದೋ ನೋಡೋಣ, ಅಂತ. ನಮ್ಮೂರಲ್ಲಿ ಅದೇ ಕೊನೆಯ ತೀರ್ಪು. ಜನ ನಕ್ಕು ಗೋಡೆ ತಿದ್ದಿಕೊಂಡಿತೆಂದರೆ ಆ ಮಾತು ನಿಜ ಎಂದೇ ಅರ್ಥ, ಪಂಚರು ಕೂತರೂ ಅದನ್ನು ಕದಲಿಸಲಾರರು.

ಗೋಡೆ ತಿದ್ದಿಕೊಂಡಿತು. ಮುಂದಿನ ಶುಕ್ರವಾರ ಚಿತ್ರ ಬರುತ್ತಲೇ ಒಂಟಿಹಲ್ಲಿ ಒಲೆಗೆ ನೀರು ಹೊಯ್ದಳು. ಹಂಚು ತೊಳೆದು ಬೋರಲು ಹಾಕಿದಳು. ಎರಡು ಸೀರೆ, ಒಂದು ಕೌದಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಸೇತುವೆಯಿಂದಿಳಿದು ನಡೆಯುತ್ತ ನಡೆಯುತ್ತ ಗೋಡೆಯ ಅಂಚು ದಾಟಿ ಹೋಗಿಬಿಟ್ಟಳು. ಆಮೇಲೆ ಧೀರಸೇನ ಬಂದು ಖಾಲಿ ಸೇತುವೆಯ ಮೇಲೆ ಅಲ್ಲಿ ಇಲ್ಲಿ ಹುಡುಕಿ, ತಣ್ಣಗಿನ ಒಲೆಯ ಮುಂದೆ ಕೂತ. ಕಂತು ಅಲ್ಲಿಗೆ ಮುಗಿಯಿತು. ಯಾರೂ ಶೇಂಗಾ ಅಗಿಯುತ್ತಿರಲಿಲ್ಲ.

ಅನಸೂಯಾ ಗುಂಪಿನ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದಳು. ಅವಳ ಕಣ್ಣು ಕೆಂಪಗಿದ್ದವು.

"ಅವ್ವ ಮುಂಜಾನೇನ ಗಂಟು ಕಟ್ಟ್ಯಾಳ. ನಾಳಿನ ಬಸ್ಸಿಗೆ ಚಿಗವ್ವನ ಊರಿಗೆ ಹೊಂಟಾಳ. ಗೋಡೀನ ಹೇಳೈತಿ, ಇನ್ನ ಇಲ್ಲಿ ನಂದೇನು ಕೆಲಸ ಅಂತಾಳ. ನೀವ ಕಳಿಸಿದ್ರಿ, ನೀವ ನಿಲ್ಲಿಸ್ರಿ."

ನಮ್ಮೂರಿಗೆ ಬಸ್ಸು ಬರುವುದು ಶನಿವಾರ ಮಾತ್ರ. ಅಂದರೆ ನನಗಿದ್ದದ್ದು ಆ ಸಂಜೆಯ ಹುಳುಕು ಒಂದೇ. ಕಲ್ಲು ಹತ್ತಿದೆ. ಅತ್ತೆ ಹಿಂದೆ ಗೋಣಿಚೀಲದ ಪಕ್ಕವೇ ಇದ್ದರು, ಮುಖ ಪೂರ್ತಿ ಸೆರಗಿನೊಳಗಿತ್ತು. ನಾನು ಸುತ್ತುಬಳಸು ಬಿಟ್ಟು ನೇರವಾಗಿ ಹೇಳಿದೆ. ಒಂಟಿಹಲ್ಲಿ ಹೋಗಬಾರದಾಗಿತ್ತು, ಆಕೆ ಒಳ್ಳೆಯವಳು, ಆಕೆ ಬರಬೇಕು. ಜನ ಹೌದು ಹೌದೆಂದು ತಲೆ ಆಡಿಸಿದರು. ಒಬ್ಬರೂ ನಗಲಿಲ್ಲ. ನಗುವುದಕ್ಕೆ ಅದರಲ್ಲೇನಿದೆ? ಹೊಗಳಿಕೆಗೆ ಯಾವ ಊರಿನವರು ನಕ್ಕಿದ್ದಾರೆ? ಕುದುರೆಯ ಹೊಟ್ಟೆಯ ಮೇಲೊಂದು ಚಟಾಕಿ ಹಾರಿಸಿದೆ, ಯಾರೋ ಕೆಮ್ಮಿದರು. ಘಟಸರ್ಪದ ಊದುಗೊಳವೆಯ ಮಾತು ತೆಗೆದೆ, ಅದು ಹಳಸಲಾಗಿತ್ತು. ಹಿಂದಿನವರು ಚಾಪೆ ಸುತ್ತತೊಡಗಿದರು. ನನಗೆ ಅಳು ಬಂತು. ಅಳುವವನ ಬಾಯಲ್ಲಿ ಎಂಥ ಹುಳುಕು ಹುಟ್ಟೀತು?

ತೋಚದೆ, ಗೋಡೆಯದು ಬಿಡಿ, ಇನ್ನೊಂದು ಕಂತು ಹೇಳುತ್ತೇನೆ, ಅದರಲ್ಲೊಬ್ಬ ಗಿರಣಿಯವನಿದ್ದಾನೆ ಎಂದೆ. ಸುತ್ತುತ್ತಿದ್ದ ಚಾಪೆಗಳು ಅಲ್ಲೇ ನಿಂತವು. ಈ ಗಿರಣಿಯವ ಊರಿಗೆಲ್ಲ ಹಿಟ್ಟು ಬೀಸಿಕೊಟ್ಟು ತಾನು ಎಲುಬಿನ ಹಂದರವಾಗಿದ್ದ. ಅವನ ಧೋತರ ಸೊಂಟದಲ್ಲಿ ನಿಲ್ಲದೆ ಹಗ್ಗ ಕಟ್ಟಬೇಕಾಗಿತ್ತು. ಅವನ ಮನೆಗೆ ಒಬ್ಬ ಮುದುಕಿ ಬಂದಳು. ಈಗ ಅವನ ಹೊಟ್ಟೆ ನೋಡಿ, ಬಾಗಿಲಲ್ಲಿ ಮೊದಲು ಅದು ಬರುತ್ತದೆ, ಆಮೇಲೆ ಅವನು ಬರುತ್ತಾನೆ. ದಾವಲಸಾಬ ಕಿಸಕ್ಕೆಂದ. ಈ ಗಿರಣಿಯವನಿಗೆ ಕಲ್ಲು ಹತ್ತಿದರೆ ಊರೆಲ್ಲ ಕೇಳುವಂಥ ಬಾಯಿ, ಮನೆಯಲ್ಲಿ ಅತ್ತೆಯ ಜೊತೆ ಮಾತಾಡಲು ಮಾತ್ರ ಬೆಕ್ಕು ಬೇಕು ಎಂದೆ. ಬೆಕ್ಕಿಗೆ ಹೇಳುವುದನ್ನು, ಬೆಕ್ಕು ಎರಡೂ ಕಡೆ ನೋಡುವುದನ್ನು ಅಭಿನಯಿಸಿ ತೋರಿಸಿದೆ. ನಗು ಎದ್ದಿತು. ಎಲ್ಲರ ಮನೆಯಲ್ಲೂ ಅದೇ ಪಾಡಲ್ಲವೇ? ಒಂದು ಮದುವೆಗೆ ಹೊರಟ ದಿನ ಅತ್ತೆ ಬಾಗಿಲ ಮರೆಯಿಂದ ಏನೋ ಹೇಳಬೇಕೆಂದು ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಬೆಕ್ಕು ಮನೆಯಲ್ಲಿರಲಿಲ್ಲ. ಗಿರಣಿಯವ ಹಾಗೇ ಹೋದ. ಅಂಗಿ ತಿರುವುಮುರುವು ಹಾಕಿಕೊಂಡಿದ್ದನೆಂದು ಅವನಿಗೆ ಗೊತ್ತಾದದ್ದು ಅಕ್ಷತೆ ಬಿದ್ದ ಮೇಲೆ.

ಜನ ಹೊಟ್ಟೆ ಹಿಡಿದುಕೊಂಡರು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. ಗುರುಶಿದ್ದವ್ವ ಎದ್ದು ನಿಂತಿದ್ದರು, ನನ್ನ ಕಡೆ ಬೆನ್ನು, ಮುಖ ಗೋಣಿಚೀಲದ ಕಡೆ.

"ಏ ಚೀಲ, ಅಳಿಯಂದ್ರಿಗೆ ಹೇಳು. ಅಂಗಿ ಅಷ್ಟ ಅಲ್ಲ. ಹೆಗಲ ಮ್ಯಾಲ ಉಪರಣಿ ಅಂತ ಹಾಕ್ಕೊಂಡು ಹೋಗಿದ್ದು ರೊಟ್ಟಿ ಸುತ್ತೋ ಅರಬಿ."

ಇದು ನನಗೇ ಗೊತ್ತಿರಲಿಲ್ಲ. ಆ ಮದುವೆಯಲ್ಲಿ ನಾನು ಆ ರೊಟ್ಟಿ ಬಟ್ಟೆಯನ್ನು ಎಷ್ಟು ಗತ್ತಿನಿಂದ ಹೆಗಲ ಮೇಲೆ ಸರಿಮಾಡಿಕೊಂಡಿದ್ದೆ ಎಂಬುದು ನೆನಪಾಗಿ ಕಿವಿ ಬಿಸಿಯಾಯಿತು. ಊರು ಅಂಥ ನಗು ನಕ್ಕದ್ದನ್ನು ನಾನು ನಮ್ಮಪ್ಪನ ಕಾಲದಲ್ಲೂ ಕೇಳಿಲ್ಲ. ಕುಬೇರಪ್ಪ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ನಗುವಿನ ನಡುವೆಯೇ ನಾನು ಗಂಟಲು ಹರಿಯುವ ಹಾಗೆ ಕೂಗಿದೆ, ಇಂಥ ಮುದುಕಿ ಕತೆಗೆ ಬೇಡ ಎಂದವನು ಯಾವ ಗಾಂಪ, ಅವನನ್ನು ಹಿಡಿದು ತನ್ನಿ ಎಂದು.

ಶನಿವಾರ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ಅತ್ತೆ ಹೋಗಲಿಲ್ಲ. ಹಾಗೆಂದು ಗಂಟನ್ನೂ ಬಿಚ್ಚಲಿಲ್ಲ. ಅನಸೂಯಾಳ ಮೂಲಕ ತಿಳಿದದ್ದು ಇಷ್ಟೇ: ಗೋಡೆ ಏನನ್ನುತ್ತದೋ ನೋಡಿ ಮುಂದಿನ ಬಸ್ಸಿನ ವಿಚಾರ. ಗಂಟು ತಲೆಬಾಗಿಲ ಪಕ್ಕದಲ್ಲೇ ಕೂತಿತ್ತು, ಹೋಗುವಾಗ ಬರುವಾಗ ನನ್ನ ಕಾಲಿಗೆ ತೊಡರುತ್ತಿತ್ತು. ಅದು ಸಾಲದೆಂದು ಮಾಸ್ತರರು ಜೋಳ ಬೀಸಿಸಲು ಬಂದವರು ನನ್ನ ತಲೆಗೆ ಹುಳ ಬಿಟ್ಟರು. ಜನ ನಕ್ಕದ್ದು ಗಿರಣಿಯವನಿಗೆ, ಒಂಟಿಹಲ್ಲಿಗಲ್ಲ; ಗೋಡೆಗೆ ನಗು ಕೇಳಿಸುತ್ತದೆ, ಮನಸ್ಸು ಕೇಳಿಸುತ್ತದೆಯೇ ಎಂದರು. ಇದ್ದರೂ ಇರಬಹುದು ಅನಿಸಿತು. ಆ ವಾರ ನಾನು ಯಾರ ಹಿಟ್ಟನ್ನು ಯಾರ ಡಬ್ಬಿಗೆ ತುಂಬಿದೆನೋ ಆ ಶಿವನೇ ಬಲ್ಲ. ಗೋಧಿ ಕೊಟ್ಟವರು ಕಡಲೆಹಿಟ್ಟು ಒಯ್ದರು. ಆದರೂ ಬೈಯಲಿಲ್ಲ. ಊರಿಗೆಲ್ಲ ವಿಷಯ ಗೊತ್ತಿತ್ತು.

ಶುಕ್ರವಾರ ಹೊತ್ತು ಮುಳುಗಿತು. ಗೋಡೆಯ ಮೇಲೆ ಖಾಲಿ ಸೇತುವೆ ಬಂತು. ಧೀರಸೇನ ಸೊರಗಿಹೋಗಿದ್ದ, ಕುದುರೆಯ ಹೊಟ್ಟೆ ಬೆನ್ನಿಗಂಟಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗೋಡೆಯ ಅಂಚಿನಿಂದ ಗಂಟು ಹೊತ್ತ ಒಂಟಿಹಲ್ಲಿ ಕಾಣಿಸಿದಳು. ಸೇತುವೆಯ ತುದಿಗೆ ಬಂದು ನಿಂತಳು, ಒಳಗೆ ಕಾಲಿಡಲಿಲ್ಲ. ಆಗ ಆಚೆಯಿಂದ ಒಬ್ಬ ಮನುಷ್ಯ ಬಂದ. ಮೊದಲು ಅವನ ಹೊಟ್ಟೆ ಬಂತು, ಆಮೇಲೆ ಅವನು. ಅಂಗಿ ತಿರುವುಮುರುವು, ಮೈಯೆಲ್ಲ ಹಿಟ್ಟು, ಹೆಗಲ ಮೇಲೆ ರೊಟ್ಟಿ ಅರಬಿ. ಅಂಗಳದ ಅಷ್ಟೂ ತಲೆಗಳು ಗಿರ್ರನೆ ನನ್ನ ಕಡೆ ತಿರುಗಿದವು.

ಗೋಡೆಯ ಮೇಲಿನ ನಾನು ಸೇತುವೆಯ ಕಂಬದ ಮುಂದೆ ಕೈ ಮುಗಿದು ನಿಂತೆ. ತಪ್ಪಾಯಿತೆಂದು ಕಂಬಕ್ಕೆ ಹೇಳಿದೆ, ನೀವಿಲ್ಲದೆ ಈ ಕತೆ ನಡೆಯುವುದಿಲ್ಲವೆಂದು ಅವರಿಗೆ ತಿಳಿಸು ಎಂದು ಕಂಬವನ್ನು ಬೇಡಿಕೊಂಡೆ. ಇತ್ತ ನೆಲದ ಮೇಲಿನ ನಾನು ಕತ್ತು ಚಾಚಿ ನೋಡುತ್ತಿದ್ದೆ. ಒಂಟಿಹಲ್ಲಿ ಎಲ್ಲ ಕೇಳಿಸಿಕೊಂಡು ಗಂಟನ್ನು ಕೆಳಗಿಟ್ಟಳು. ಹತ್ತಿರ ಬಂದು ಅವನ ತೋಳು ಹಿಚುಕಿದಳು. ಮುಖ ಕಿವುಚಲಿಲ್ಲ. ಹೊಟ್ಟೆ ಮುಟ್ಟಿ ನೋಡಿ, ಚಲೋ ಆಗೈತಿ ಅಂದಳು. ಬಾಯಿ ತೆರೆದು ಅವನನ್ನು ಇಡಿಯಾಗಿ ನುಂಗಿಬಿಟ್ಟಳು. ಒಮ್ಮೆ ತೇಗಿದಳು, ಬಾಯಿಂದ ಒಂದಿಷ್ಟು ಹಿಟ್ಟು ಹಾರಿತು. ಆಮೇಲೆ ಸೀರೆಗೆ ಕೈ ಒರೆಸಿಕೊಂಡು ಸೇತುವೆಯ ನಡುವೆ ಕೂತು ಒಲೆ ಹೊತ್ತಿಸಿದಳು.

ನಗಬೇಕೋ ನನಗೆ ಸಮಾಧಾನ ಹೇಳಬೇಕೋ ಯಾರಿಗೂ ತಿಳಿಯಲಿಲ್ಲ. ಆಗ ಹಿಂದಿನಿಂದ ಒಂದು ನಗು ಕೇಳಿಸಿತು. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಕೇಳಿರದ ನಗು. ಸಣ್ಣಗೆ ಶುರುವಾಗಿ, ತಡೆಯಲಾಗದೆ ಒಡೆದು, ಕೊನೆಗೆ ಗೋಣಿಚೀಲ ಹಿಡಿದುಕೊಂಡು ನಗುತ್ತಿದ್ದರು ಗುರುಶಿದ್ದವ್ವ. ಅನಸೂಯಾ ಒಮ್ಮೆ ತಾಯಿಯ ಕಡೆ, ಒಮ್ಮೆ ನನ್ನ ಕಡೆ ನೋಡಿ, ನಗುತ್ತಲೇ ಕಣ್ಣೀರು ಹಾಕಿದಳು. ಆಮೇಲೆ ಊರಿನ ನಗು ಕಟ್ಟೆಯೊಡೆಯಿತು.

ನಾನು ರೂಢಿಯಂತೆ ಕಲ್ಲು ಹತ್ತಿದೆ. ಏನು ಹೇಳಲಿ? ಊರ ಮುಂದೆ ರಾಕ್ಷಸಿಯ ಹೊಟ್ಟೆ ಸೇರಿದವನು ಯಾರ ಹುಳುಕು ಆಡಲು ಸಾಧ್ಯ? ಅಷ್ಟರಲ್ಲಿ ಗುಂಪು ಎರಡಾಗಿ ದಾರಿ ಬಿಟ್ಟಿತು. ಗುರುಶಿದ್ದವ್ವ ನಡುವೆ ನಡೆದುಬಂದು ಕಲ್ಲಿನ ಮುಂದೆ ನಿಂತರು. ಸೆರಗು ಹೆಗಲಿಗೆ ಇಳಿದಿತ್ತು. ಅತ್ತ ಇತ್ತ ಯಾರನ್ನೂ ಹುಡುಕದೆ, ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು.

"ಕೆಳಗ ಇಳೀರಿ ಅಡಿವೆಪ್ಪಾ. ಇವತ್ತ ನಾ ಹೇಳ್ತೀನಿ."

ನಾನು ಇಳಿದು, ಅವರು ಹತ್ತಲು ಕೈ ಕೊಟ್ಟೆ. ಹಿಡಿದುಕೊಂಡರು. ಮುದುಕಿಯ ಹಿಡಿತ ಗಟ್ಟಿಯಾಗಿಯೇ ಇತ್ತು. ಕಲ್ಲಿನ ಮೇಲೆ ನಿಂತು ಸೀರೆ ಸರಿಮಾಡಿಕೊಂಡು, ಗೋಡೆಯನ್ನೊಮ್ಮೆ ನೋಡಿ ಗಂಟಲು ಸರಿಪಡಿಸಿಕೊಂಡರು. ಮುಂದಿನವರು ಚಾಪೆ ಎಳೆದುಕೊಂಡು ಇನ್ನಷ್ಟು ಮುಂದೆ ಬಂದರು. ದಾವಲಸಾಬ ತನ್ನ ಚಾಪೆಯ ತುದಿ ತೋರಿಸಿದ, ನಾನು ಅಲ್ಲಿ ಕೂತೆ.